ಲೇಸರ್: ಬೇಕಾದಲ್ಲಿ ಅಂಜಿಕೆ, ಬೇಡವಾದಲ್ಲಿ ಆತುರ

ನಮ್ಮ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡುಬರುತ್ತಿದೆ. ಮಧುಮೇಹವಿರುವ ಹಿರಿಯರಿಗೆ ನೇತ್ರವೈದ್ಯರು "ಕಣ್ಣಿಗೆ ಲೇಸರ್ ಮಾಡಿಸಬೇಕು, ತಡ ಮಾಡಬೇಡಿ" ಎಂದು ಹೇಳಿದರೆ ಮನೆಮಂದಿಯೆಲ್ಲ ಅಂಜುತ್ತಾರೆ. "ಕಣ್ಣಿನ ವಿಷಯ, ಸುಡುವ ಕೆಲಸ, ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ, ಆಮೇಲೆ ನೋಡೋಣ" ಎಂದು ಆರು ತಿಂಗಳು, ವರ್ಷ ಮುಂದೂಡುತ್ತಾರೆ. ಅದೇ ಮನೆಯ ಹೆಣ್ಣುಮಗಳ ಗದ್ದದ ಮೇಲೆ ನಾಲ್ಕು ಕೂದಲು ಕಂಡರೆ, ಕೆನ್ನೆಯ ಮೇಲೆ ಬಂಗು ಮೂಡಿದರೆ, ಅದೇ ಲೇಸರಿಗೆ ಒಂದು ವಾರದೊಳಗೆ ಮುಂಗಡ ಹಣ ಕಟ್ಟಿ ಬರುತ್ತಾರೆ. ಅಲ್ಲಿ ವೈದ್ಯರಿದ್ದಾರೆಯೇ ಎಂದು ಕೂಡ ವಿಚಾರಿಸುವುದಿಲ್ಲ. ಕಣ್ಣು ಹೋಗುವಲ್ಲಿ ಸಾವಧಾನ, ಕೂದಲು ಹೋಗುವಲ್ಲಿ ಅವಸರ! ಈ ತಲೆಕೆಳಗಾದ ಕ್ರಮವನ್ನು ಸರಿಪಡಿಸಿಕೊಳ್ಳುವುದು ಅಗತ್ಯವೆಂದು ತೋರಿ, ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಲೇಸರ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರುಂಟು. ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಂತೆಯೇ ಅದು. ಒಲೆಯೊಳಗಿದ್ದರೆ ಅನ್ನ, ಹುಲ್ಲಿನ ಬಣವೆಯೊಳಗಿದ್ದರೆ ಅನರ್ಥ. ಆದುದರಿಂದ ವಿವೇಕಿಗಳು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಲೇಸರ್, ಯಾವ ಅಂಗಕ್ಕೆ, ಯಾವ ಕಾರಣಕ್ಕೆ, ಯಾರ ಕೈಯಿಂದ? ಈ ನಾಲ್ಕಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ಬೆಳಕಿನ ಗುಣವನ್ನು ತಿಳಿಯಬೇಕು.

ಬೆಳಕಿನ ಗುಣ

ದೀಪದ ಬೆಳಕು ಜಾತ್ರೆಯ ಜನಸಂದಣಿಯಂತೆ. ಅದರಲ್ಲಿ ನಾನಾ ಬಣ್ಣಗಳು ಬೆರೆತಿರುತ್ತವೆ, ಅದು ನಾನಾ ದಿಕ್ಕಿಗೆ ಹರಡುತ್ತದೆ. ಲೇಸರ್ ಬೆಳಕಾದರೋ ಒಂದೇ ತಾಳಕ್ಕೆ ಹೆಜ್ಜೆ ಹಾಕುವ ಡೊಳ್ಳಿನ ಮೇಳದಂತೆ. ಅದರ ಬಣ್ಣ ಒಂದು, ದಿಕ್ಕು ಒಂದು, ಹೆಜ್ಜೆ ಒಂದು. ಹೀಗೆ ಒಗ್ಗೂಡಿದ ಬೆಳಕನ್ನು ಸೂಜಿಯ ಮೊನೆಗಿಂತಲೂ ಸಣ್ಣ ಜಾಗಕ್ಕೆ ಇಳಿಸಬಹುದು. ಇಂತಹ ಬೆಳಕು ಸಾಧ್ಯವೆಂಬುದಕ್ಕೆ ಬೇಕಾದ ತತ್ತ್ವವನ್ನು ಆಲ್ಬರ್ಟ್ ಐನ್‌ಸ್ಟೈನರು 1917ರಲ್ಲಿಯೇ ತಮ್ಮ ಪ್ರಬಂಧದಲ್ಲಿ ತೋರಿಸಿದ್ದರು. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಅಮೆರಿಕದ ಥಿಯೋಡೋರ್ ಮೈಮನ್. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಒಂದು ಪ್ರಯೋಗಶಾಲೆಯಲ್ಲಿ ಕೃತಕ ಮಾಣಿಕ್ಯದ ಪುಟ್ಟ ದಂಡದಿಂದ ಅವರು ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಅದು ಕಡುಗೆಂಪು ಬೆಳಕು. ಅದರ ತರಂಗಾಂತರ 694 ನ್ಯಾನೋಮೀಟರ್.

ಇಲ್ಲಿ ಒಂದು ಮಾತನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ಬೆಳಕು ತಾನು ಬಿದ್ದಲ್ಲೆಲ್ಲ ಸುಡುವುದಿಲ್ಲ. ಅದನ್ನು ಹೀರಿಕೊಳ್ಳುವ ವಸ್ತು ಇದ್ದಲ್ಲಿ ಮಾತ್ರ ಕಾವಾಗುತ್ತದೆ. ಬಿಸಿಲಿನಲ್ಲಿ ಕರಿ ಕಂಬಳಿಯನ್ನೂ ಬಿಳಿ ಧೋತರವನ್ನೂ ಜೊತೆಯಲ್ಲಿ ಹಾಸಿ ನೋಡಿರಿ. ಸ್ವಲ್ಪ ಹೊತ್ತಿಗೆ ಕಂಬಳಿ ಕಾದಿರುತ್ತದೆ, ಧೋತರ ತಣ್ಣಗಿರುತ್ತದೆ. ಹಾಗೆಯೇ ನಮ್ಮ ಶರೀರದಲ್ಲಿ ಹಸಿರು ಮತ್ತು ಹಳದಿ ಬೆಳಕನ್ನು ರಕ್ತದ ಕೆಂಪು ಹೀರುತ್ತದೆ. ಕೆಂಪು ಬೆಳಕನ್ನೂ ಅದರಾಚೆಯ ಕಣ್ಣಿಗೆ ಕಾಣದ ಕಿರಣವನ್ನೂ ಚರ್ಮದ ಹಾಗೂ ಕೂದಲಿನ ಕಪ್ಪಾದ ಮೆಲನಿನ್ ಹೀರುತ್ತದೆ. ಇನ್ನೂ ದೂರದ ಕಿರಣಗಳನ್ನು ಜೀವಕೋಶದೊಳಗಿನ ನೀರು ಹೀರುತ್ತದೆ. ಲೇಸರ್ ಚಿಕಿತ್ಸೆಯ ಒಳಿತೂ ಕೆಡುಕೂ ಈ ಒಂದು ನಿಯಮದಿಂದಲೇ ಹುಟ್ಟುತ್ತವೆ.

ಕಣ್ಣಿನಲ್ಲಿ ಮೊದಲ ಉಪಕಾರ

ಬೆಳಕಿನಿಂದ ಕಣ್ಣಿಗೆ ಚಿಕಿತ್ಸೆ ಮಾಡುವ ವಿಚಾರ ಲೇಸರಿಗಿಂತ ಹಳೆಯದು. 1945ರ ಸೂರ್ಯಗ್ರಹಣವನ್ನು ನೋಡಿ ಕಣ್ಣಿನ ಒಳಪದರವನ್ನು ಸುಟ್ಟುಕೊಂಡ ವಿದ್ಯಾರ್ಥಿಯೊಬ್ಬನನ್ನು ಜರ್ಮನಿಯ ನೇತ್ರವೈದ್ಯ ಗೆರ್ಡ್ ಮೇಯರ್-ಶ್ವಿಕರಾತ್ ಪರೀಕ್ಷಿಸಿದರು. ಸೂರ್ಯನ ಬೆಳಕು ಕಣ್ಣಿನೊಳಗೆ ಕಲೆ ಮಾಡಬಲ್ಲುದಾದರೆ, ಹರಿದ ಒಳಪದರವನ್ನು ಅದೇ ಕಲೆಯಿಂದ ಅಂಟಿಸಲಾಗದೇ ಎಂದು ಅವರು ಯೋಚಿಸಿದರು. ಕನ್ನಡಿಗಳ ಮೂಲಕ ಬಿಸಿಲನ್ನೇ ರೋಗಿಯ ಕಣ್ಣಿನೊಳಗೆ ಹಾಯಿಸಿ ಚಿಕಿತ್ಸೆ ಮಾಡಿದರು. ಮೋಡ ಕವಿದ ದಿನ ಚಿಕಿತ್ಸೆಯಿಲ್ಲ! ಮುಂದೆ ಪ್ರಖರವಾದ ಜೆನಾನ್ ದೀಪ ಬಂದಿತು. 1960ರ ದಶಕದಲ್ಲಿ ಆ ಸ್ಥಾನಕ್ಕೆ ಲೇಸರ್ ಬಂದಿತು. ಕೇಡು ಮಾಡಿದ್ದರಲ್ಲಿಯೇ ಉಪಕಾರವನ್ನು ಕಂಡ ಆ ವೈದ್ಯರ ಬುದ್ಧಿ ದೊಡ್ಡದು.

ಈ ಉಪಕಾರ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಮಧುಮೇಹಿಗಳಿಗೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಸಕ್ಕರೆಯ ಅಂಶ ವರ್ಷಾನುಗಟ್ಟಲೆ ಏರಿದ್ದರೆ ಕಣ್ಣಿನ ಒಳಪದರವಾದ ರೆಟಿನಾದ ಸಣ್ಣ ರಕ್ತನಾಳಗಳು ಕೆಡುತ್ತವೆ. ಆಮ್ಲಜನಕ ಸಾಲದೆ ಹೋದಾಗ ಹೊಸ ನಾಳಗಳು ಬೆಳೆಯತೊಡಗುತ್ತವೆ. ಆದರೆ ಅವು ಎಳೆಯ ಕುಂಬಳದ ಬಳ್ಳಿಯಂತೆ ದುರ್ಬಲ. ಒಡೆದು ಕಣ್ಣಿನೊಳಗೆ ರಕ್ತ ಸುರಿಸುತ್ತವೆ, ಒಳಪದರವನ್ನೇ ಎಳೆದು ಕೀಳುತ್ತವೆ. ಇದೆಲ್ಲ ನಡೆಯುವಾಗ ನೋವಿಲ್ಲ, ಉರಿಯಿಲ್ಲ. ಬಹಳ ಕಾಲ ದೃಷ್ಟಿಯೂ ಮಂಜಾಗುವುದಿಲ್ಲ. ಇದೇ ಈ ರೋಗದ ಮೋಸ.

ಲೇಸರ್ ಇಲ್ಲಿ ಏನು ಮಾಡುತ್ತದೆ? ಒಳಪದರದ ಅಂಚಿನ ಭಾಗದಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಸಣ್ಣ ಚುಕ್ಕೆಗಳನ್ನು ಸುಡುತ್ತಾರೆ. ಅಂಚಿನ ಹಸಿವು ಕಡಿಮೆಯಾದುದರಿಂದ ಹೊಸ ನಾಳಗಳು ಒಣಗುತ್ತವೆ, ನಡುವಿನ ಮುಖ್ಯ ದೃಷ್ಟಿ ಉಳಿಯುತ್ತದೆ. ನೀರು ಸಾಲದ ವರ್ಷ ರೈತನು ಬದುವಿನ ಬೆಳೆಯನ್ನು ಬಿಟ್ಟುಕೊಟ್ಟು ನಡುಹೊಲವನ್ನು ಉಳಿಸಿಕೊಂಡಂತೆ. ಅಮೆರಿಕದಲ್ಲಿ 1,700ಕ್ಕೂ ಹೆಚ್ಚು ಮಧುಮೇಹಿಗಳ ಒಂದು ಕಣ್ಣಿಗೆ ಈ ಚಿಕಿತ್ಸೆ ಮಾಡಿ, ಇನ್ನೊಂದು ಕಣ್ಣನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರವಾದ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು 1976ರಲ್ಲಿ ತಿಳಿದುಬಂದಿತು. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯವಿದ್ದವುಗಳಿಗೂ ಚಿಕಿತ್ಸೆ ಕೊಡುವಂತೆ ಆ ಅಧ್ಯಯನದ ನಿಯಮವನ್ನೇ ಬದಲಿಸಿದರು.

ಹೀಗಿದ್ದರೂ "ಲೇಸರ್ ಮಾಡಿಸಿದ ಮೇಲೆಯೇ ಅವರ ಕಣ್ಣು ಹೋಯಿತು" ಎಂಬ ಮಾತು ಊರೂರಿನಲ್ಲಿ ಕೇಳಿಬರುತ್ತದೆ. ಇದರ ಮರ್ಮವನ್ನು ತಿಳಿಯಬೇಕು. ಈ ಚಿಕಿತ್ಸೆ ಇರುವ ದೃಷ್ಟಿಯನ್ನು ಕಾಯುತ್ತದೆಯೇ ಹೊರತು ಹೋದ ದೃಷ್ಟಿಯನ್ನು ಸಾಮಾನ್ಯವಾಗಿ ಮರಳಿ ತರುವುದಿಲ್ಲ. ಜನರು ರಕ್ತ ಸುರಿದ ಮೇಲೆ, ಎಲ್ಲ ಮಂಜಾದ ಮೇಲೆ ಹೋಗುತ್ತಾರೆ. ಅಷ್ಟರಲ್ಲಿ ರೋಗ ತನ್ನ ಕೆಲಸ ಮುಗಿಸಿರುತ್ತದೆ. ಅಪವಾದ ಮಾತ್ರ ಕೊನೆಗೆ ಬಂದ ಲೇಸರಿನ ತಲೆಗೆ. ಆ ಅಪವಾದವನ್ನು ಕೇಳಿದ ಮತ್ತೊಬ್ಬರು ಅಂಜಿ, ತಾವೂ ತಡಮಾಡುತ್ತಾರೆ. ಹೀಗೆ ಒಬ್ಬರ ತಡದಿಂದ ಇನ್ನೊಬ್ಬರ ಕುರುಡು ಹುಟ್ಟುತ್ತದೆ. ಚಿಕಿತ್ಸೆಯಿಂದ ಪಕ್ಕದ ನೋಟವೂ ಇರುಳಿನ ನೋಟವೂ ಸ್ವಲ್ಪ ಕುಗ್ಗಬಹುದೆಂಬುದು ನಿಜ. ಅದು ನಡುಹೊಲವನ್ನು ಉಳಿಸಿಕೊಳ್ಳಲು ತೆತ್ತ ಬೆಲೆ.

ಈಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಬಂದಿವೆ. ದೃಷ್ಟಿಯ ಕೇಂದ್ರದಲ್ಲಿ ಊತವಿದ್ದರೆ ಅವೇ ಮೊದಲ ಆಯ್ಕೆ. ಆದರೆ ಅವನ್ನು ಮತ್ತೆ ಮತ್ತೆ ಪಡೆಯಬೇಕು, ನಡುವೆ ತಪ್ಪಿದರೆ ಅಪಾಯ. ಪದೇ ಪದೇ ಪಟ್ಟಣಕ್ಕೆ ಹೋಗಲಾಗದ ಹಿರಿಯರಿಗೆ ಲೇಸರ್ ಇಂದಿಗೂ ಬಹುಕಾಲ ನಿಲ್ಲುವ ರಕ್ಷೆ. ಯಾವುದು ಹಿತವೆಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಬೇಕು. ಆ ನಿರ್ಧಾರಕ್ಕೆ ಅವಕಾಶವಿರಬೇಕಾದರೆ, ಮಧುಮೇಹಿಗಳು ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ವರ್ಷಕ್ಕೊಮ್ಮೆ ಪಾಪೆಯನ್ನು ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಹಸುಗೂಸಿನ ಮೂವತ್ತು ದಿನ

ಅಂಜಿಕೆಗಿಂತಲೂ ಅರಿಯದಿರುವಿಕೆ ಹೆಚ್ಚು ಕೇಡು ಮಾಡುವ ಇನ್ನೊಂದು ಸಂದರ್ಭವಿದೆ. ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಒಳಪದರದಲ್ಲಿ ರಕ್ತನಾಳಗಳು ಪೂರ್ಣವಾಗಿ ಹರಡಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಒಳಪದರವನ್ನು ಎಳೆದುಬಿಟ್ಟರೆ ಮಗು ಆಜೀವ ಕುರುಡಾಗುತ್ತದೆ. ಹೊರಗಿನಿಂದ ನೋಡಿದರೆ ಕೂಸಿನ ಕಣ್ಣು ಚೆನ್ನಾಗಿಯೇ ಇರುತ್ತದೆ. ತಾಯಿಯ ಕಣ್ಣಿಗೂ ಅದು ಗೋಚರಿಸದು. ರೋಗ ಮಿತಿಮೀರಿದೆಯೆಂದು ಕಂಡೊಡನೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆಯನ್ನೋ, ಕೆಲವು ಸಂದರ್ಭಗಳಲ್ಲಿ ಚುಚ್ಚುಮದ್ದನ್ನೋ ಕೊಡಬೇಕು.

ನಮ್ಮ ದೇಶದ ನಿಯಮದಂತೆ 34 ವಾರ ತುಂಬುವ ಮೊದಲೇ ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಹುಟ್ಟಿದ 30 ದಿನಗಳೊಳಗೆ ಈ ಪರೀಕ್ಷೆಯಾಗಬೇಕು. ತೀರ ಸಣ್ಣ ಕೂಸುಗಳಿಗೆ ಇನ್ನೂ ಮೊದಲೇ, ಎರಡು ಮೂರು ವಾರಗಳಲ್ಲಿ ಆಗಬೇಕು. ಈ ಅವಧಿ ನಮ್ಮ ಮನೆಗಳಲ್ಲಿ ಯಾವುದೆಂಬುದನ್ನು ತಾಯಂದಿರು ಗಮನಿಸಬೇಕು. ಇದು ಬಾಣಂತನದ ಕಾಲ! ಬಾಣಂತಿಯನ್ನೂ ಕೂಸನ್ನೂ ಹೊಸಲು ದಾಟಿಸಬಾರದು, ಗಾಳಿ ಸೋಕಬಾರದು ಎಂದು ಹಿರಿಯರು ಕಾಪಾಡುವ ಕಾಲ. ಆ ಪದ್ಧತಿಯ ಹಿಂದೆ ಪ್ರೀತಿಯಿದೆ, ಅನುಭವವಿದೆ. ಆದರೆ ದಿನ ತುಂಬದ ಕೂಸಿನ ಮಟ್ಟಿಗೆ ಆ ಹೊಸಲನ್ನು ಒಮ್ಮೆ ದಾಟಲೇಬೇಕು. ಮನೆಯ ಅಜ್ಜಿಯೇ ಮುಂದೆ ನಿಂತು "ಕೂಸಿನ ಕಣ್ಣು ತೋರಿಸಿಕೊಂಡು ಬನ್ನಿ" ಎಂದು ಹೇಳಿದರೆ ಬೇರೆ ಯಾರೂ ಅಡ್ಡ ಬರಲಾರರು.

ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ಮಾದರಿಯಾಗಿದೆಯೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮರಾವನ್ನು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಒಯ್ಯುತ್ತಾರೆ. ಅಲ್ಲಿ ತೆಗೆದ ಚಿತ್ರಗಳನ್ನು ದೂರದಲ್ಲಿರುವ ತಜ್ಞರು ನೋಡಿ ಚಿಕಿತ್ಸೆ ಬೇಕೇ ಎಂದು ತಿಳಿಸುತ್ತಾರೆ. ಹೆರಿಗೆಯಾದ ಆಸ್ಪತ್ರೆಯಿಂದ ಕೂಸನ್ನು ಮನೆಗೆ ಕರೆದೊಯ್ಯುವಾಗ "ಇದರ ಕಣ್ಣಿನ ಪರೀಕ್ಷೆ ಎಂದು, ಎಲ್ಲಿ?" ಎಂದು ಕೇಳಿ ಬರೆಸಿಕೊಂಡು ಬರುವುದು ತಂದೆಯ ಕರ್ತವ್ಯ.

ಹೆಸರಿನ ಗೊಂದಲ

ಕಣ್ಣಿನ ವಿಷಯದಲ್ಲಿಯೇ ಇನ್ನೊಂದು ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಬೇಕು. "ನಮ್ಮ ತಂದೆಯವರಿಗೆ ಲೇಸರ್ ಮಾಡಿ ಪೊರೆ ತೆಗೆದರು" ಎಂದು ಹೇಳುವುದು ವಾಡಿಕೆಯಾಗಿದೆ. ಹೊಲಿಗೆಯಿಲ್ಲದೆ ಪೊರೆ ತೆಗೆಯುವ ಸಾಮಾನ್ಯ ವಿಧಾನ ಲೇಸರ್ ಅಲ್ಲ; ಅದು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಪೊರೆಯನ್ನು ಒಡೆದು ಹೀರುವ ವಿಧಾನ. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಇದನ್ನು ಬಳಕೆಗೆ ತಂದರು. ಶಸ್ತ್ರಕ್ರಿಯೆಯ ಕೆಲವು ಹಂತಗಳನ್ನು ಮಾತ್ರ ಲೇಸರಿನಿಂದ ಮಾಡುವ ದುಬಾರಿ ಯಂತ್ರಗಳು ಈಗ ಇವೆಯಾದರೂ, ಸಾಧಾರಣ ರೋಗಿಗೆ ಅವುಗಳಿಂದ ದೃಷ್ಟಿ ಹೆಚ್ಚು ಚೆನ್ನಾಗಿ ಬರುತ್ತದೆಂದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದುದರಿಂದ ಲೇಸರ್ ಎಂಬ ಹೆಸರಿಗಾಗಿ ಸಾಲ ಮಾಡಬೇಕಾಗಿಲ್ಲ.

ಪೊರೆ ತೆಗೆಸಿದ ತಿಂಗಳುಗಳ ಅಥವಾ ವರ್ಷಗಳ ಮೇಲೆ ಮತ್ತೆ ಮಂಜಾದರೆ "ಪೊರೆ ಮರಳಿ ಬಂದಿತು" ಎಂದು ಹಿರಿಯರು ಕೈಚೆಲ್ಲಿ ಕುಳಿತುಬಿಡುವುದುಂಟು. ಪೊರೆ ಮರಳಿ ಬರುವುದಿಲ್ಲ. ಒಳಗಿಟ್ಟ ಕೃತಕ ಮಸೂರದ ಹಿಂದಿನ ತೆಳು ಪರದೆ ಮಂಕಾಗಿರುತ್ತದೆ. ಅದನ್ನು ಯಾಗ್ ಎಂಬ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ, ಕತ್ತಿ ತಾಗಿಸದೆ ತೆರೆಯುತ್ತಾರೆ. ನಿಜವಾಗಿ ಲೇಸರ್ ಆದ ಈ ಸರಳ ಕೆಲಸಕ್ಕೆ ಹೋಗದೆ ಕತ್ತಲೆಯಲ್ಲಿ ಕುಳಿತವರು ಎಷ್ಟೋ ಮಂದಿ.

ಕನ್ನಡಕ ಬಿಡಿಸುವ ಲೇಸರಿನ ಕಥೆ ಬೇರೆ. ಅದರ ಮೂಲದಲ್ಲಿ ನಮ್ಮ ನೆರೆಯ ಮದರಾಸಿನಲ್ಲಿ ಜನಿಸಿದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿಯ ಹೆಸರಿದೆ. 1981ರ ನವೆಂಬರಿನಲ್ಲಿ, ಅಮೆರಿಕದ ಐ.ಬಿ.ಎಂ. ಪ್ರಯೋಗಶಾಲೆಯಲ್ಲಿ, ಅವರು ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ 193 ನ್ಯಾನೋಮೀಟರಿನ ಅತಿನೇರಳೆ ಲೇಸರನ್ನು ಹಾಯಿಸಿದರು. ಸುತ್ತಲ ಭಾಗ ಒಂದಿಷ್ಟೂ ಕರಕಲಾಗದೆ ಅಚ್ಚುಕಟ್ಟಾದ ಕೊರೆತ ಮೂಡಿತು. ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರೊಡನೆ ಮಾಡಿದ ಈ ಶೋಧವೇ ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ತಿದ್ದುವ ಚಿಕಿತ್ಸೆಗೆ ತಳಹದಿಯಾಯಿತು. ಚಿಕಿತ್ಸೆ ಒಳ್ಳೆಯದೇ; ಆದರೆ ಎಲ್ಲರಿಗೂ ಅಲ್ಲ. ವಯಸ್ಸು 18 ದಾಟಿರಬೇಕು, ಕನ್ನಡಕದ ಸಂಖ್ಯೆ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ತೆಳ್ಳಗಿದ್ದು ಮುಂದಕ್ಕೆ ಉಬ್ಬುವ ಲಕ್ಷಣವಿದ್ದರೆ ಮಾಡಿಸಲೇಬಾರದು. ಕೆಲವರಿಗೆ ಕಣ್ಣಿನ ಒಣಗುವಿಕೆ ಉಳಿಯುತ್ತದೆ. ನಲವತ್ತು ದಾಟಿದ ಮೇಲೆ ಓದುವ ಕನ್ನಡಕ ಹೇಗೂ ಬರಬಹುದು. ಕನ್ನಡಕ ಹಾಕಿದ ಹುಡುಗಿಗೆ ವರ ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವಸರಪಡುವವರು, ವೈದ್ಯರು "ಬೇಡ" ಎಂದರೆ ಬೇರೆ ವೈದ್ಯರನ್ನು ಹುಡುಕಿ ಹೋಗಬಾರದು.

ಶಸ್ತ್ರವೈದ್ಯರ ಕೈಯಲ್ಲಿಯೂ ಬೆಳಕು ಕತ್ತಿಯಾಗಿದೆ. ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಚಂದ್ರಕುಮಾರ್ ಪಟೇಲರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಅದರ ಕಿರಣವನ್ನು ಜೀವಕೋಶದ ನೀರು ಹೀರಿ ಆವಿಯಾಗುವುದರಿಂದ, ಅದು ಕೊಯ್ಯುತ್ತಲೇ ಸಣ್ಣ ರಕ್ತನಾಳಗಳ ಬಾಯನ್ನೂ ಮುಚ್ಚುತ್ತದೆ. ಗಂಟಲಿನೊಳಗಿನ ಸೂಕ್ಷ್ಮವಾದ ಶಸ್ತ್ರಕ್ರಿಯೆಗೆ ಇದು ವರವಾಯಿತು. ಮೂತ್ರಮಾರ್ಗದ ಕಲ್ಲನ್ನು ಕೂದಲಿನಂತಹ ಗಾಜಿನ ಎಳೆಯ ಮೂಲಕ ಹೋಲ್ಮಿಯಂ ಲೇಸರ್ ಹಾಯಿಸಿ ಪುಡಿಮಾಡುವುದು ಇಂದು ಸಾಮಾನ್ಯವಾಗಿದೆ.

ನಮ್ಮ ಮೈಬಣ್ಣ ಮತ್ತು ಲೇಸರ್

ಇನ್ನು ಆತುರದ ಕಡೆಗೆ ಬರೋಣ. ಬೆಳಕನ್ನು ಸರಿಯಾಗಿ ಆರಿಸಿದರೆ ಸುತ್ತಲ ಚರ್ಮ ಸುಡದೆ ಬೇಕಾದುದನ್ನು ಮಾತ್ರ ಸುಡಬಹುದೆಂಬ ತತ್ತ್ವವನ್ನು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ವಿವರಿಸಿದರು. ಚರ್ಮದ ಮೇಲಿನ ಲೇಸರುಗಳೆಲ್ಲ ಈ ತತ್ತ್ವದ ಮಕ್ಕಳು. ಮುಖದ ಮೇಲಿನ ಕೆಂಪು ಹುಟ್ಟುಮಚ್ಚೆಯಲ್ಲಿ ಗುರಿ ರಕ್ತದ ಕೆಂಪು; ಹಚ್ಚೆಯಲ್ಲಿ ಗುರಿ ಮಸಿಯ ಕಣ; ಕೂದಲಿನಲ್ಲಿ ಗುರಿ ಅದರ ಕಪ್ಪಾದ ಮೆಲನಿನ್.

ಆದರೆ ಮೆಲನಿನ್ ಕೂದಲಿನಲ್ಲಿ ಮಾತ್ರ ಇದೆಯೇ? ನಮ್ಮ ಚರ್ಮದಲ್ಲಿಯೂ ಇದೆ. ಯಂತ್ರ ಹುಟ್ಟಿದ ನಾಡಿನ ಬಿಳಿಯ ಚರ್ಮದ ಮೇಲೆ ಕಪ್ಪು ಕೂದಲಿದ್ದರೆ ಬೆಳಕಿಗೆ ಗೊಂದಲವಿಲ್ಲ. ಬಿಳಿ ಧೋತರದ ಮೇಲಿನ ಕರಿ ದಾರ ಅದು. ನಮ್ಮ ಗೋಧಿ ಬಣ್ಣದ, ಶ್ಯಾಮಲ ಬಣ್ಣದ ಮೈ ಅರೆಗಪ್ಪು ಕಂಬಳಿ. ದಾರಕ್ಕೆಂದು ಹಾಯಿಸಿದ ಬೆಳಕನ್ನು ಕಂಬಳಿಯೂ ಹೀರುತ್ತದೆ. ಪರಿಣಾಮವಾಗಿ ಗುಳ್ಳೆ ಏಳಬಹುದು, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಬೀಳಬಹುದು, ಅಪರೂಪಕ್ಕೆ ಬಣ್ಣವೇ ಹೋಗಿ ಬಿಳಿ ಮಚ್ಚೆಯಾಗಬಹುದು. ಹಾಗೆಂದು ನಮಗೆ ಲೇಸರ್ ಸಲ್ಲದೆಂದಲ್ಲ. 1,064 ನ್ಯಾನೋಮೀಟರಿನಂತಹ ಉದ್ದನೆಯ ತರಂಗವನ್ನು ಮೇಲುಚರ್ಮದ ಮೆಲನಿನ್ ಕಡಿಮೆ ಹೀರುತ್ತದೆ. ಆದುದರಿಂದ ಕಪ್ಪು ಮೈಗೆ ಅದು ಹೆಚ್ಚು ಸುರಕ್ಷಿತ. 755ರ ಲೇಸರ್ ಅದಕ್ಕಿಂತ ಹೆಚ್ಚು ಅಪಾಯಕರ. ಶಕ್ತಿ ಎಷ್ಟು, ಮಿಡಿತದ ಅವಧಿ ಎಷ್ಟು, ಚರ್ಮವನ್ನು ತಂಪಾಗಿಡುವ ವ್ಯವಸ್ಥೆ ಏನು ಎಂಬುದೆಲ್ಲ ತಿಳಿದವರ ಕೈಯಲ್ಲಿರಬೇಕು. ಮೂರು ದಿನ ಯಂತ್ರದ ಗುಂಡಿ ಒತ್ತಲು ಕಲಿತವರಿಗೆ ಇದು ತಿಳಿಯುವುದಿಲ್ಲ.

ಅನಗತ್ಯ ಕೂದಲಿನ ವಿಷಯದಲ್ಲಿ ಮೂರು ಮಾತು ಹೇಳಬೇಕು. ಮೊದಲನೆಯದು, ಲೇಸರ್ ಕೂದಲನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಶಾಶ್ವತವಾಗಿ ಪೂರ್ತಿ ಅಳಿಸುತ್ತದೆಂಬುದು ಜಾಹೀರಾತಿನ ಮಾತು. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಅದು ತಾಗುವುದರಿಂದ ವಾರಗಳ ಅಂತರದಲ್ಲಿ ಆರೇಳು ಬಾರಿಯಾದರೂ ಬೇಕು. ಮದುವೆಗೆ ಇಪ್ಪತ್ತು ದಿನವಿರುವಾಗ ಓಡಿಹೋಗಿ ಪ್ರಯೋಜನವಿಲ್ಲ. ಬಿಳಿ ಕೂದಲಿಗೆ ಅದು ತಾಗುವುದೇ ಇಲ್ಲ. ಎರಡನೆಯದು, ಕೆಲವರಿಗೆ, ವಿಶೇಷವಾಗಿ ಕಪ್ಪು ಮೈಯವರ ಮುಖದಲ್ಲಿ, ಚಿಕಿತ್ಸೆಯ ಸುತ್ತಲೂ ಕೂದಲು ಹೆಚ್ಚುವುದೂ ಉಂಟು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹರೆಯದ ಹುಡುಗಿಯ ಗದ್ದದಲ್ಲಿ, ಮೇಲ್ದುಟಿಯಲ್ಲಿ ದಪ್ಪ ಕೂದಲು ಬರುತ್ತಿದ್ದು, ಜೊತೆಗೆ ತಿಂಗಳ ಮುಟ್ಟು ಏರುಪೇರಾಗಿ, ಮೈತೂಕ ಏರುತ್ತಿದ್ದರೆ ಅದು ಅಂಡಾಶಯದ ಹಾರ್ಮೋನುಗಳ ತೊಂದರೆಯ ಲಕ್ಷಣವಾಗಿರಬಹುದು. ಪಿ.ಸಿ.ಒ.ಎಸ್. ಎಂದು ವೈದ್ಯರು ಕರೆಯುವ ಈ ತೊಂದರೆ ನೂರು ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತು ಮಂದಿಗೆ ಇರುತ್ತದೆ. ಮುಂದೆ ಮಧುಮೇಹಕ್ಕೂ ಇದು ದಾರಿಯಾಗಬಹುದು. ಕೂದಲು ಶರೀರ ಬರೆದ ಕಾಗದ. ಅದನ್ನು ಓದದೆ ಸುಟ್ಟುಹಾಕುವುದು ಜಾಣತನವಲ್ಲ. ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಆಮೇಲೆ ಬೇಕೆನಿಸಿದರೆ ಲೇಸರ್.

ಬಂಗಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಿಸಿಲು, ಬಸಿರು, ವಂಶಗುಣ, ಕೆಲವು ಗುಳಿಗೆಗಳು ಇವೆಲ್ಲ ಅದಕ್ಕೆ ಕಾರಣ. ಬಿಸಿಲಿನಿಂದ ರಕ್ಷಣೆ ಮತ್ತು ಚರ್ಮವೈದ್ಯರು ಕೊಟ್ಟ ಲೇಪನ ಮೊದಲ ಚಿಕಿತ್ಸೆ. ಲೇಸರಿನ ಕಾವಿನಿಂದ ಬಂಗು ಕೆರಳಿ ಮೊದಲಿಗಿಂತ ಕಪ್ಪಾಗುವುದುಂಟು. ಇನ್ನು ಮೈಯನ್ನೇ ಬೆಳ್ಳಗೆ ಮಾಡುತ್ತೇವೆಂಬ ಭರವಸೆಯನ್ನು ನಂಬಲೇಬಾರದು. ಹುಟ್ಟಿನಿಂದ ಬಂದ ಬಣ್ಣವನ್ನು ಲೇಸರ್ ಬದಲಿಸಲಾರದು, ಬದಲಿಸಬೇಕಾಗಿಯೂ ಇಲ್ಲ. ಆ ಮೆಲನಿನ್ನೇ ನಮ್ಮ ಬಿಸಿಲಿನ ಕೊಡೆ. ಚರ್ಮದ ಕ್ಯಾನ್ಸರಿನಿಂದ ನಮ್ಮನ್ನು ಬಹುಮಟ್ಟಿಗೆ ಕಾಯುವುದು ಅದೇ. ಕನ್ಯೆ ನೋಡಲು ಬಂದವರು ಬಣ್ಣದ ಮಾತೆತ್ತಿದರೆ ತಿದ್ದಬೇಕಾದುದು ಹುಡುಗಿಯ ಮುಖವನ್ನಲ್ಲ.

ಹಾಗೆಂದು ಚರ್ಮದ ಲೇಸರುಗಳೆಲ್ಲ ಶೋಕಿಯೆಂದು ತಳ್ಳಿಹಾಕುವುದೂ ಅನ್ಯಾಯ. ಮುಖದ ಅರ್ಧಭಾಗವನ್ನು ಆವರಿಸಿದ ಕೆಂಪು ಹುಟ್ಟುಮಚ್ಚೆಯೊಡನೆ ಶಾಲೆಗೆ ಹೋಗುವ ಮಗುವಿಗೆ ಆ ಮಚ್ಚೆಯನ್ನು ತಿಳಿಗೊಳಿಸುವ ಲೇಸರ್ ಶೋಕಿಯಲ್ಲ. ಅದನ್ನು ಚಿಕ್ಕ ವಯಸ್ಸಿನಲ್ಲಿ ಆರಂಭಿಸಿದರೆ ಒಳಿತು. ತೊನ್ನು ಇದ್ದವರಿಗೆ 308 ನ್ಯಾನೋಮೀಟರಿನ ಲೇಸರ್ ಕಳೆದುಹೋದ ಬಣ್ಣವನ್ನು ಕೆಲಮಟ್ಟಿಗೆ ಮರಳಿ ತರಬಲ್ಲುದು. ತೊನ್ನು ಅಂಟುರೋಗವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೊಡವೆಯ ಗುಂಡಿಗಳಿಂದ ನೊಂದ ಯುವಕನ ದುಃಖವೂ ದುಃಖವೇ. ಮನಸ್ಸಿನ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಆ ನೋವನ್ನೇ ಬಂಡವಾಳ ಮಾಡಿಕೊಂಡವರ ಅಂಗಡಿಗೆ ಮಕ್ಕಳನ್ನು ಕಳುಹಿಸಬಾರದು.

ಕೇಳಬೇಕಾದ ಪ್ರಶ್ನೆಗಳು

ಲೇಸರಿನ ಕೆಳಗೆ ಕೂಡುವ ಮೊದಲು ಸಂಕೋಚವಿಲ್ಲದೆ ಕೇಳಿರಿ. ನನಗಿರುವ ತೊಂದರೆಯ ಹೆಸರೇನು? ಇದನ್ನು ಮಾಡಿಸದಿದ್ದರೆ ಏನಾಗುತ್ತದೆ? ಕಣ್ಣಿನ ಲೇಸರಿನಲ್ಲಿ ಈ ಪ್ರಶ್ನೆಗೆ ಉತ್ತರ "ದೃಷ್ಟಿ ಹೋಗಬಹುದು" ಎಂದಿದ್ದರೆ ಮರುದಿನವೇ ಮಾಡಿಸಿರಿ. ಚರ್ಮದ ಲೇಸರಿನಲ್ಲಿ "ಏನೂ ಆಗುವುದಿಲ್ಲ" ಎಂದಿದ್ದರೆ ಯೋಚಿಸಲು ಬೇಕಾದಷ್ಟು ಕಾಲವಿದೆ. ಯಂತ್ರವನ್ನು ಹಿಡಿಯುವವರು ಯಾರು, ಅವರು ಚರ್ಮರೋಗದಲ್ಲಿ ಪದವಿ ಪಡೆದ ವೈದ್ಯರೇ? ಈ ಲೇಸರ್ ನನ್ನಂತಹ ಮೈಬಣ್ಣಕ್ಕೆ ಸಲ್ಲುವುದೇ? ಮೊದಲು ಕಿವಿಯ ಹಿಂದೆಯೋ ದವಡೆಯ ಕೆಳಗೋ ಸಣ್ಣ ಜಾಗದಲ್ಲಿ ಪರೀಕ್ಷಿಸಿ, ಕೆಲವು ದಿನ ಕಾದು ನೋಡುತ್ತೀರಾ? ಒಟ್ಟು ಎಷ್ಟು ಬಾರಿ, ಒಟ್ಟು ಖರ್ಚೆಷ್ಟು? ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕಾಯಿದೆಯಂತೆ ನೋಂದಣಿ ಮಾಡಿಸಿರಬೇಕು. ಆ ಪತ್ರವನ್ನು ನೋಡಲು ನಿಮಗೆ ಹಕ್ಕಿದೆ. ಈ ಪ್ರಶ್ನೆಗಳಿಗೆ ಸಿಟ್ಟಾಗುವವರಿದ್ದರೆ ಅಲ್ಲಿಂದ ಎದ್ದು ಬನ್ನಿರಿ.

ಚಿಕಿತ್ಸೆಯ ಹಿಂದೆ ಮುಂದೆ ಕೆಲವು ವಾರ ಬಿಸಿಲಿಗೆ ಮೈಯೊಡ್ಡಬಾರದು. ಬಿಸಿಲಿಗೆ ಕಪ್ಪಾದ ಚರ್ಮ ಹೆಚ್ಚು ಬೆಳಕನ್ನು ಹೀರುತ್ತದೆ. ಕೂದಲನ್ನು ದಾರದಿಂದ, ಮೇಣದಿಂದ ಕಿತ್ತು ಹೋಗಬಾರದು. ಬುಡದಲ್ಲಿ ಗುರಿಯೇ ಇಲ್ಲದಂತಾಗುತ್ತದೆ. ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನೆಲ್ಲ ವೈದ್ಯರಿಗೆ ಹೇಳಬೇಕು. ಆಯಾ ಲೇಸರಿಗೆ ತಕ್ಕ ರಕ್ಷಣಾ ಕನ್ನಡಕವಿಲ್ಲದೆ ಕಣ್ಣಿನ ಹತ್ತಿರ ಲೇಸರ್ ಹಾಯಿಸಲು ಬಿಡಲೇಬಾರದು. ಜಾತ್ರೆಯಲ್ಲಿ ಮಾರುವ ಲೇಸರ್ ಟಾರ್ಚನ್ನು ಮಕ್ಕಳ ಕೈಗೆ ಆಟಕ್ಕೆಂದು ಕೊಡುವುದನ್ನೂ ನಿಲ್ಲಿಸಬೇಕು. ಒಂದು ಕ್ಷಣದ ಆಟ ಕಣ್ಣಿನ ಒಳಪದರದಲ್ಲಿ ಮಾಯದ ಕಲೆಯನ್ನು ಉಳಿಸಬಲ್ಲುದು.

ಓದುಗ ಬಂಧುಗಳು ಈ ಅಂಕಣವನ್ನು ಓದಿ ಪಕ್ಕಕ್ಕಿಡುವ ಮೊದಲು ಮನೆಯಲ್ಲಿ ಒಂದು ಲೆಕ್ಕ ಹಾಕಬೇಕೆಂದು ನಮ್ಮ ಕೋರಿಕೆ. ಮನೆಯಲ್ಲಿ ಮಧುಮೇಹವಿರುವವರು ಎಷ್ಟು ಮಂದಿ? ಅವರ ಕಣ್ಣಿನ ಒಳಪದರದ ಪರೀಕ್ಷೆಯಾಗಿ ಎಷ್ಟು ತಿಂಗಳಾಯಿತು? ಉತ್ತರ ಹನ್ನೆರಡನ್ನು ಮೀರಿದ್ದರೆ, ಮುಂದಿನ ಸಂಚಿಕೆ ನಿಮ್ಮ ಕೈಸೇರುವ ಮೊದಲೇ ಅವರನ್ನು ಕರೆದುಕೊಂಡು ಹೋಗಿ ತೋರಿಸಿರಿ. ಮುಂದಿನ ಸಂಚಿಕೆಯನ್ನೂ ಅವರು ತಮ್ಮ ಕಣ್ಣಿನಿಂದಲೇ ಓದಲಿ.